ಬಂಗಾರದ ಹೊದಿಕೆಗೆ ಎರಡು ವರ್ಷ

ಲೆಕ್ಕದ ಸರ್ ತೀರಿಕೊಂಡು ಮೂರು ದಿನ ಆಗಿತ್ತು. ಪ್ರಿನ್ಸಿಪಾಲರು ಫೋನು ಮಾಡಿ, ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದರು. "ಅವರ ಪಕ್ಕದ ಟೇಬಲ್ಲಿನಾಗ ಅಷ್ಟು ವರ್ಷ ಕುಂತವರು ನೀವೇ ಅಲ್ಲೇನ್ರಿ, ಮೇಡಂ" ಎಂದರು. ಬರೆದುಕೊಟ್ಟೆ. ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು, ಸುಣ್ಣದ ಬಳಪ ಮುರಿಯದಂತೆ ಬರೆಯುತ್ತಿದ್ದದ್ದು, ಅವರ ಕೈಯಲ್ಲಿ ಕಲಿತ ಮಕ್ಕಳು ಎಂಜಿನಿಯರುಗಳಾದದ್ದು. ಎಲ್ಲವೂ ನಿಜವೇ. ಆದರೆ ಓದಿ ನೋಡಿದರೆ ಅವರು ಅದರಲ್ಲಿ ಎಲ್ಲೂ ಕಾಣಲಿಲ್ಲ. ಹಾಗಾಗಿ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಸಂಚಿಕೆಗಲ್ಲ.

ಆಂಧ್ರದ ಆದೋನಿಯ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಅವರು ಗಣಿತ ಹೇಳುತ್ತಿದ್ದರು, ನಾನು ಕೆಮಿಸ್ಟ್ರಿ. ಗಿಡ್ಡ ಆಳು. ಬಿಳಿ ಅರ್ಧ ತೋಳಿನ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಯಾವ ವಸ್ತು ಕಂಡರೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡುವುದು ಅವರ ಚಟ. ನನ್ನ ಸೀರೆಯ ಸೆರಗು, ಹುಡುಗರ ಬ್ಯಾಗಿನ ಪಟ್ಟಿ, ಸ್ಟಾಫ್ ರೂಮಿನ ಹೊಸ ಕರ್ಟನ್, ಯಾವುದನ್ನೂ ಬಿಡುತ್ತಿರಲಿಲ್ಲ. ಉಜ್ಜಿ ನೋಡಿ ಅದರ ಆಯಸ್ಸು ಹೇಳುತ್ತಿದ್ದರು. "ಆರು ತಿಂಗಳು." "ಒಂದು ಮಳಿಗಾಲ." "ಇದು ದೀಪಾವಳಿ ನೋಡೂದಿಲ್ಲ." ಮುಕ್ಕಾಲು ಪಾಲು ಅವರು ಹೇಳಿದಂತೆಯೇ ಆಗುತ್ತಿತ್ತು. ಅದೇ ಅಸಹ್ಯ.

ವಸ್ತುಗಳಿಗೆ ಮಾತ್ರ ಹೇಳಿದ್ದರೆ ಯಾರೂ ಬೇಸರಪಡುತ್ತಿರಲಿಲ್ಲ. ನಮ್ಮ ಅಟೆಂಡರ್ ಮದುವೆಗೆ ಎಲ್ಲರೂ ಆಲೂರಿಗೆ ಹೋಗಿದ್ದೆವು. ಅಕ್ಷತೆ ಹಾಕಿ ಕೆಳಗಿಳಿದು ಬರುತ್ತ, ಹುಡುಗಿಯ ತಾಯಿಗೆ ಕೇಳಿಸುವಷ್ಟು ಗಟ್ಟಿಯಾಗಿ "ಮೂರು ವರ್ಷ" ಅಂದರು. ಆ ತಾಯಿ ಊಟದ ಪಂಕ್ತಿಯ ತನಕ ನಮ್ಮ ಹಿಂದೆಯೇ ಬಂದಳು. "ಯಾಕ್ರಿ ಸರ್, ಹಂಗ್ಯಾಕ ಅಂದ್ರಿ?" ಎಂದು ಕೇಳಿದಳು. ಇವರು ಹೋಳಿಗೆ ಮುರಿಯುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಆ ಗಂಡ ಹೆಂಡತಿ ಇವತ್ತಿಗೂ ಚೆನ್ನಾಗಿದ್ದಾರೆ, ಎರಡು ಮಕ್ಕಳು. ಅದರ ಮಾತು ಮಾತ್ರ ಸರ್ ಯಾವತ್ತೂ ಎತ್ತಲಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಕಠಿಣ. ಹೊಳಗುಂದ, ಆಲೂರು ಕಡೆಯಿಂದ ಬರುವ ಮಕ್ಕಳು ಮನೆಯಲ್ಲಿ ಕನ್ನಡ ಆಡುವವರು, ಕ್ಲಾಸಿನಲ್ಲಿ ತೆಲುಗು ತಡವರಿಸುತ್ತಿದ್ದರು. ಅಂಥವರನ್ನೇ ಹುಡುಕಿ ಬೋರ್ಡಿಗೆ ಕರೆಯುತ್ತಿದ್ದರು. ಲೆಕ್ಕ ತಪ್ಪಿದರೆ ಅವರ ಮಾತಿನ ಧಾಟಿಯಲ್ಲೇ ತಪ್ಪನ್ನು ಹಾಡಿ ತೋರಿಸುತ್ತಿದ್ದರು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ನಾನೂ ಹೊಳಗುಂದದವಳು. ಪಕ್ಕದ ಕ್ಲಾಸಿನಲ್ಲಿ ನಿಂತು ಆ ನಗು ಕೇಳಿಸಿಕೊಂಡಿದ್ದೇನೆ. ಅವರೇನು ಬೇರೆ ಊರಿನವರೇ? ಮಾಧವರಂ, ತುಂಗಭದ್ರೆಯ ದಂಡೆ. ಮನೆಮಾತು ನಮ್ಮದೇ.

ಅವರ ಬಾಯಲ್ಲಿ ಆ ಮನೆಮಾತು ಮೆತ್ತಗೆ ಬರುತ್ತಿದ್ದದ್ದು ವಾರಕ್ಕೊಂದೇ ಸಲ, ಶುಕ್ರವಾರ ಮಧ್ಯಾಹ್ನ. ಅವರ ತಮ್ಮ ಮಸ್ಕತ್‌ನಲ್ಲಿ ಒಂದು ತೈಲ ಕಂಪನಿಯ ಕ್ಯಾಂಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿ, ಫೋರ್‌ಮನ್ ಆಗಿದ್ದ. ಅಲ್ಲಿ ಶುಕ್ರವಾರ ರಜೆ. ನಾವು ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಅವನ ಫೋನು ಬರುತ್ತಿತ್ತು. ಸರ್ ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. "ಉಂಡೇನೋ? ಏನ್ ಉಂಡಿ? ಬ್ಯಾಳಿ ಸಾಕಾಗೂದಿಲ್ಲೋ, ತತ್ತಿ ತಿನ್ನು. ಬಿಸಲಾಗ ಟೊಪ್ಪಿಗಿ ಹಾಕ್ಕೋ." ಐವತ್ತರ ಹತ್ತಿರ ಬಂದ ತಮ್ಮನಿಗೆ ಟೊಪ್ಪಿಗೆ ಹಾಕಿಕೋ ಎನ್ನುತ್ತಿದ್ದರು. ನಾವು ಡಬ್ಬಿಯ ಮೇಲೆ ಬಗ್ಗಿ ನಗು ನುಂಗುತ್ತಿದ್ದೆವು.

ಅವರಿಗೆ ಹದಿನಾಲ್ಕು, ತಮ್ಮನಿಗೆ ಐದು ಇರುವಾಗ ತಾಯಿ ಸತ್ತಳಂತೆ. ತಂದೆ ಮೊದಲೇ ಇರಲಿಲ್ಲ. ಆಚೆ ದಡದಲ್ಲಿ ಸೋದರತ್ತೆಯ ಮನೆ. ಬೇಸಿಗೆಯಲ್ಲಿ ನೀರು ಇಳಿದಾಗ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿ ಹೋಗಿ, ಅವನಿಗೆ ಊಟ ಮಾಡಿಸಿಕೊಂಡು ಬರುತ್ತಿದ್ದರಂತೆ. ತಾವು ಉಣ್ಣುತ್ತಿದ್ದರೋ ಇಲ್ಲವೋ ಹೇಳಲಿಲ್ಲ. ತಮ್ಮನ ಐಟಿಐ ಮುಗಿಯುವ ತನಕ ತಾವು ಮದುವೆ ಆಗಲಿಲ್ಲ. ಇದಿಷ್ಟನ್ನೂ ಅವರು ನನಗೆ ಒಂದೇ ಸಲ, ಪರೀಕ್ಷೆಯ ಮೇಲ್ವಿಚಾರಣೆಗೆ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತಾಗ, ಗೋಡೆ ನೋಡುತ್ತ ಹೇಳಿದ್ದು.

ನನ್ನ ಯಜಮಾನರಿಗೆ ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ಕರ್ನೂಲಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುತ್ತಿದ್ದೆ. ಒಂದು ಭಾನುವಾರ ಸರ್ ನೋಡಲು ಬಂದರು. ಕಿತ್ತಳೆ ಹಣ್ಣು ತಂದಿದ್ದರು. ಮಂಚದ ತುದಿಗೆ ಕುಳಿತು, ಹೊದಿಕೆ ಸರಿಸಿ, ಬಾತುಕೊಂಡಿದ್ದ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಕುಳಿ ಬಿತ್ತು. ಅದು ಮತ್ತೆ ತುಂಬುವ ತನಕ ಕಣ್ಣು ಕೀಳದೆ ನೋಡಿದರು. ಯಜಮಾನರೂ ಅವರ ಮುಖವನ್ನೇ ನೋಡುತ್ತಿದ್ದರು. ಕಾಫಿ ಕುಡಿದು ಎದ್ದರು. ನಾನು ಗೇಟಿನ ತನಕ ಹೋದೆ.

"ಎಂಟು ತಿಂಗಳು, ಮೇಡಂ" ಅಂದರು. "ಮಗಳ ಓದಿಗೆ ಬೇಕಾದದ್ದನ್ನ ಈಗಲೇ ಬ್ಯಾರೆ ಇಟ್ಟುಬಿಡ್ರಿ. ಆಸ್ಪತ್ರಿ ಎಲ್ಲಾ ನುಂಗತೈತಿ."

ನಾನು ಗೇಟು ಹಾಕಿದೆ. ಅವರು ಹೇಳಿದಂತೆಯೇ ಮಗಳದ್ದನ್ನು ಬೇರೆ ಇಟ್ಟೆ. ಅದರಿಂದಲೇ ಅವಳು ಇವತ್ತು ಡಾಕ್ಟರು. ಯಜಮಾನರು ಏಳು ತಿಂಗಳಿಗೆ ಹೋದರು. ಅವತ್ತು ಎಲ್ಲರಿಗಿಂತ ಮೊದಲು ಬಂದವರು ಸರ್. ವ್ಯಾನು ಕರೆಸಿದ್ದು, ಊರಿಗೆ ಸುದ್ದಿ ಮುಟ್ಟಿಸಿದ್ದು ಎಲ್ಲ ಅವರೇ. ನಾನು ಮತ್ತೆ ಕೆಲಸಕ್ಕೆ ಹೋದ ದಿನ ನನ್ನ ಟೇಬಲ್ಲಿನ ಹತ್ತಿರ ಬಂದು ತಲೆ ತಗ್ಗಿಸಿ ನಿಂತು ಹೇಳಿದರು: "ಒಂದು ತಿಂಗಳು ಜಾಸ್ತಿ ಹೇಳಿಬಿಟ್ಟಿದ್ದೆ ಮೇಡಂ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

ಅದು ಕ್ಷಮೆ ಕೇಳಿದ್ದು. ನನಗೆ ಈಗ ಗೊತ್ತು. ಆಗ, ಈ ಮನುಷ್ಯನಿಗೆ ಒಂದು ಸಲ, ಒಂದೇ ಒಂದು ಸಲ, ಇವನದೇ ಒಂದು ವಸ್ತುವಿನ ಆಯಸ್ಸು ಹೇಳುವ ಅವಕಾಶ ನನಗೆ ಸಿಗಲಿ ಎಂದುಕೊಂಡಿದ್ದೆ.

ಸಿಕ್ಕಿತು. ಕೊರೋನಾಕ್ಕೆ ಎರಡು ವರ್ಷ ಮುಂಚೆ ಒಂದು ಶುಕ್ರವಾರ ಬೆಳಿಗ್ಗೆ ಅವರು ಹೊಸ ವಾಚು ಕಟ್ಟಿಕೊಂಡು ಬಂದರು. ರಜೆಗೆ ಬಂದ ಊರಿನವನೊಬ್ಬನ ಕೈಯಲ್ಲಿ ತಮ್ಮ ಕಳಿಸಿದ್ದು. ಸ್ವಿಸ್ ವಾಚು. ಉಕ್ಕಿನ ಚೈನು, ನಡುವಿನ ಸಾಲಿನ ಕೊಂಡಿಗಳ ಮೇಲೆ ಬಂಗಾರದ ಹೊದಿಕೆ. ಅರ್ಧ ತೋಳಿನ ಅಂಗಿಯನ್ನೂ ಮೇಲಕ್ಕೆ ಮಡಚಿಕೊಂಡಿದ್ದರು. ಅಟೆಂಡರ್‌ಗೆ ತೋರಿಸಿದರು, ತೆಲುಗು ಮೇಷ್ಟ್ರಿಗೆ ತೋರಿಸಿದರು. ತೆಲುಗು ಮೇಷ್ಟ್ರು ಬೇಕೆಂತಲೇ ಕೇಳಿದರು: "ಎಷ್ಟು ವರ್ಷ ಬರ್ತೈತಿ ಸರ್ ಇದು?"

ಸರ್ ಹೆಬ್ಬೆರಳಿನಿಂದ ಕೊಂಡಿ ಉಜ್ಜಿದರು. ಉಜ್ಜಿದರು. ಆಯಸ್ಸು ಬಾಯಿಗೆ ಬರಲಿಲ್ಲ. ಮೊದಲ ಸಲ ಅವರಿಗೆ ಹೇಳಲು ಆಗಲಿಲ್ಲ. ಬಿಚ್ಚಿ ನನ್ನ ಟೇಬಲ್ಲಿನ ಮೇಲಿಟ್ಟರು. "ಮೇಡಂ, ನೀವು ಕೆಮಿಸ್ಟ್ರಿ. ಇದು ಎಷ್ಟು ಬಾಳ್ತೈತಿ, ನೀವೇ ನೋಡಿ ಹೇಳ್ರಿ."

ಇಂಥ ಹೊದಿಕೆಯಲ್ಲಿ ಎರಡು ಬಗೆ. ಒಂದು ಕೋಟಿಂಗ್, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾಗಿ ಬಂಗಾರವನ್ನು ಉಕ್ಕಿನ ಮೇಲೆ ಕೂರಿಸಿದ್ದು. ಮೇಜಿಗೆ ತಾಗುವ ಕಡೆ, ಬೆವರು ನಿಲ್ಲುವ ಕಡೆ, ಒಂದೆರಡು ವರ್ಷದಲ್ಲಿ ಬಿಳುಪು ಇಣುಕುತ್ತದೆ. ಇನ್ನೊಂದು, ಬಂಗಾರದ ತಗಡನ್ನೇ ಉಕ್ಕಿಗೆ ಒತ್ತಿ ಬೆಸೆದದ್ದು. ಅದಕ್ಕೆ ಗೀರು ಬೀಳುತ್ತದೆ, ಮಂಕಾಗುತ್ತದೆ, ಆದರೆ ಸವೆದು ಒಳಗಿನ ಉಕ್ಕು ಕಾಣಬೇಕಾದರೆ ಕಟ್ಟಿಕೊಂಡವನ ಆಯಸ್ಸು ಮುಗಿದಿರುತ್ತದೆ. ಅದಕ್ಕೂ ಮುಂಚೆ ಕೊಂಡಿಗಳ ಪಿನ್ನು ಸಡಿಲಾಗಿ ಚೈನು ಜೋಲುತ್ತದೆ, ಬಂಗಾರಕ್ಕೆ ಏನೂ ಆಗಿರುವುದಿಲ್ಲ.

ನಾನು ಲ್ಯಾಬಿಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಪಿಂಗಾಣಿ ಬಿಲ್ಲೆಯೊಂದನ್ನು ತಿರುವಿ, ಹೊಳಪಿಲ್ಲದ ಒರಟು ಬೆನ್ನಿನ ಮೇಲೆ ಬಂಗಾರದ ಕೊಂಡಿಯ ಒಳಅಂಚನ್ನು ಎಳೆದೆ. ಹಳದಿ ಗೆರೆ ಬಿತ್ತು. ಅದೇ ಜಾಗ ಮತ್ತೆ ಎಳೆದೆ, ಎಂಟು ಹತ್ತು ಸಲ. ಕೋಟಿಂಗ್ ಆಗಿದ್ದರೆ ಅಷ್ಟರಲ್ಲಿ ಗೆರೆ ಬೂದು ಬಣ್ಣಕ್ಕೆ ತಿರುಗಬೇಕಿತ್ತು. ಹಳದಿಯಾಗಿಯೇ ಇತ್ತು. ಗೆರೆಯ ಮೇಲೆ ನೈಟ್ರಿಕ್ ಆಸಿಡ್ ಒಂದು ಹನಿ ಬಿಟ್ಟೆ. ಗೆರೆ ಅಳಿಯಲಿಲ್ಲ, ನಿಜವಾದ ಬಂಗಾರ. ಅಣ್ಣನಿಗೆ ತಮ್ಮ ಒಳ್ಳೆಯದನ್ನೇ ಕಳಿಸಿದ್ದ.

ಬಿಲ್ಲೆಯನ್ನು ತೊಳೆದೆ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡು ನಿಂತೆ. ಆಮೇಲೆ ಇನ್ನೊಂದು ಬಿಲ್ಲೆ ತೆಗೆದುಕೊಂಡು, ಬಂಗಾರದ ಕೊಂಡಿಯಿಂದ ಒಂದು ಹಳದಿ ಗೆರೆ ಎಳೆದು, ಅದರ ಪಕ್ಕದಲ್ಲಿ ಅಂಚಿನ ಉಕ್ಕಿನ ಕೊಂಡಿಯಿಂದ ಒಂದು ಬೂದು ಗೆರೆ ಎಳೆದೆ. ಊಟದ ಹೊತ್ತಿಗೆ ಬಿಲ್ಲೆ, ವಾಚು ಎರಡನ್ನೂ ಸ್ಟಾಫ್ ರೂಮಿಗೆ ತಂದೆ.

"ಮೊದಲ ಸಲ ಉಜ್ಜಿದಾಗ ಇದು, ನಾಲ್ಕನೇ ಸಲಕ್ಕ ಇದು" ಅಂದೆ. "ಬರೇ ಕೋಟಿಂಗ್ ಸರ್. ಎರಡು ವರ್ಷ."

ತೆಲುಗು ಮೇಷ್ಟ್ರು ಖುಷಿ ತಡೆಯಲಾರದೆ "ಏಂ ಸಾರ್, ರೆಂಡು ಸಂವತ್ಸರಾಲೇನಾ?" ಎಂದು ಬೆರಳೆರಡು ಎತ್ತಿ ತೋರಿಸಿದರು. ಅಟೆಂಡರ್, ಅವನ ಮದುವೆಯ ದಿನ ನೆನಪಿತ್ತೋ ಏನೋ, ಬಾಗಿಲಲ್ಲಿ ನಿಂತು ಜೋರಾಗಿ ನಕ್ಕ. ಎಲ್ಲರೂ ನಕ್ಕರು. ಸರ್ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಎರಡು ಗೆರೆಗಳನ್ನೂ ಬೆರಳಿನಿಂದ ಮುಟ್ಟಿದರು. ಅವರ ಕಿವಿಗಳು ಕೆಂಪಾಗಿದ್ದವು.

ಅದೇ ಹೊತ್ತಿಗೆ ಫೋನು ಬಂತು. ಶುಕ್ರವಾರ ಅಲ್ಲವೇ. ಅವತ್ತು ಅವರು ಕಿಟಕಿಯ ಹತ್ತಿರ ಹೋಗಲಿಲ್ಲ. ಕೋಣೆಯ ನಟ್ಟನಡುವೆ ನಿಂತು, ನಮ್ಮೆಲ್ಲರ ಮುಖ ನೋಡುತ್ತ ಮಾತಾಡಿದರು.

"ಏನೋ ಕಳಿಸೀಯಿದು? ಕಲಾಯಿ ಹಾಕಿದ ವಾಚು ಕಳಿಸೀಯೇನು ನನಗ? ಎಷ್ಟು ಕೊಟ್ಟಿ? ಬಿಲ್ಲು ಐತೇನು? ಮಾತಾಡೋ. ಬಿಲ್ಲು ಐತೇನು ಅಂದೆ." ಆ ಕಡೆ ಏನು ಹೇಳಿದನೋ. ಬಹುಶಃ ಏನೂ ಹೇಳಲಿಲ್ಲ. "ಇಲ್ಲಲ್ಲ! ಹೆಗಲ ಮ್ಯಾಲ ಕುಂದರಿಸಿಕೊಂಡು ಹೊಳಿ ದಾಟಿಸಿದವ್ನೋ ನಾನು. ಅಣ್ಣಗ ಏನು ತಿಳೀತೈತಿ, ಮಿಂಚಿದ್ದು ಕೊಟ್ಟರ ಸಾಕು ಅಂದುಕೊಂಡಿ ಅಲ್ಲಾ? ಇನ್ನ ಮ್ಯಾಲ ಫೋನು ಮಾಡಬ್ಯಾಡ. ಹಿಂತಾ ತಮ್ಮ ನನಗ ಇಲ್ಲ."

ಫೋನು ಜೇಬಿಗೆ ಹಾಕಿ ಕುಳಿತರು. ನಗು ಆಗಲೇ ನಿಂತಿತ್ತು. ತೆಲುಗು ಮೇಷ್ಟ್ರು ಕೂಡ ಹೊರಗೆ ಎದ್ದುಹೋದರು. ಆ ಒಂದು ನಿಮಿಷದಲ್ಲಿ ನಾನು ಹೇಳಬಹುದಿತ್ತು. "ಸರ್, ಸುಳ್ಳು ಹೇಳಿದೆ" ಅನ್ನಲು ಎಷ್ಟು ಹೊತ್ತು ಬೇಕು? ನಾನು ಡಬ್ಬಿ ತೆರೆದು ಊಟ ಮಾಡಿದೆ. ಅವತ್ತು ಪುಂಡಿಪಲ್ಯ, ರೊಟ್ಟಿ. ಹಸಿವಾಗಿತ್ತು, ರುಚಿಯಾಗಿಯೂ ಇತ್ತು.

ಮುಂದಿನ ಶುಕ್ರವಾರ ಫೋನು ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಊಟದ ಹೊತ್ತಿಗೆ ಸರ್ ಕಿಟಕಿಯ ಹತ್ತಿರ ಹೋಗಿ ನಿಂತು, ಕಂಬಿ ಹಿಡಿದು ಹೊರಗೆ ನೋಡಿ, ಬಂದು ಕೂರುತ್ತಿದ್ದರು. ಕ್ರಮೇಣ ಅದೂ ನಿಂತಿತು. ಅವರ ಮಗಳ ಮದುವೆಯ ಕಾರ್ಡಿನಲ್ಲಿ ಚಿಕ್ಕಪ್ಪನ ಹೆಸರಿರಲಿಲ್ಲ. ಕಾರ್ಡು ನನ್ನ ಕೈಗೇ ಕೊಟ್ಟರು. ಓದಿದೆ. "ಭಾಳ ಚೆಂದ ಐತ್ರಿ ಸರ್" ಅಂದೆ.

ಆದರೆ ವಾಚನ್ನು ಮಾತ್ರ ಅವರು ಬಿಚ್ಚಿಡಲಿಲ್ಲ. ದಿನಾ ಕಟ್ಟಿಕೊಂಡು ಬಂದರು. ಬೋರ್ಡಿನ ಪುಡಿ ಕೊಂಡಿಗಳ ಸಂದಿಯಲ್ಲಿ ಸೇರಿಕೊಂಡಿತು. ಆದೋನಿಯ ಬೇಸಿಗೆ, ಬೆವರು, ಮೇಜಿನ ತಿಕ್ಕಾಟ. ಉಕ್ಕಿನ ಕೊಂಡಿಗಳ ಮೇಲೆ ಗೀರು ಬಿದ್ದವು. ಚೈನು ಸಡಿಲಾಗಿ ಮುಂಗೈಗೆ ಜಾರತೊಡಗಿತು. ಆರು ತಿಂಗಳಿಗೊಮ್ಮೆ ನನ್ನ ಟೇಬಲ್ಲಿನ ಮೇಲೆ ಕೈ ಚಾಚಿ ಇಡುತ್ತಿದ್ದರು.

"ನೋಡ್ರಿ ಮೇಡಂ, ಇನ್ನೂ ಹೋಗಿಲ್ಲ."

ನಾನು ಕನ್ನಡಕ ಏರಿಸಿ ನೋಡಿದಂತೆ ಮಾಡುತ್ತಿದ್ದೆ. "ಹೋಗ್ತೈತಿ ಸರ್. ಇನ್ನೂ ಟೈಮ್ ಐತಿ."

ಎರಡು ವರ್ಷ ಮುಗಿದ ವಾರವೂ ಬಂದರು. "ಇವತ್ತಿಗೆ ಎರಡು ವರ್ಷ ಆತು, ಮೇಡಂ." ಬಂಗಾರ ಮಂಕಾಗಿತ್ತು, ಅಷ್ಟೇ. ಎಲ್ಲೂ ಬಿಳುಪು ಕಾಣಲಿಲ್ಲ. ಅವರು ಕೈ ತೆಗೆಯದೆ ಹಾಗೇ ನಿಂತಿದ್ದರು, ನಾನು ಏನಾದರೂ ಹೇಳಲಿ ಎಂಬಂತೆ. "ಕೆಲವು ಕೋಟಿಂಗ್ ಚಲೋ ಇರ್ತಾವ್ರಿ" ಅಂದೆ. ಆಗ ಕೈ ಹಿಂದಕ್ಕೆ ತೆಗೆದುಕೊಂಡರು.

ಕೊರೋನಾದ ಎರಡನೆಯ ಅಲೆಯಲ್ಲಿ ತಮ್ಮ ಮಸ್ಕತ್‌ನಲ್ಲೇ ತೀರಿಕೊಂಡ. ದೇಹ ಬರಲಿಲ್ಲ. ಅಲ್ಲೇ ಮುಗಿಸಿದರಂತೆ. ಯಾರೋ ಮೊಬೈಲಿನಲ್ಲಿ ತೆಗೆದು ಕಳಿಸಿದ ಒಂದು ನಿಮಿಷದ ವಿಡಿಯೋವನ್ನು ಮಾಧವರಂನಲ್ಲಿ ಅವನ ಹೆಂಡತಿ ನೋಡಿದಳು. ಸರ್‌ಗೆ ಆ ವಿಡಿಯೋ ಯಾರೂ ಕಳಿಸಲಿಲ್ಲ. ಸುದ್ದಿ ಅವರಿಗೆ ಹದಿನೈದು ದಿನದ ಮೇಲೆ, ಔಷಧಿ ಅಂಗಡಿಯಲ್ಲಿ ಸಿಕ್ಕ ಊರಿನವರೊಬ್ಬರ ಬಾಯಿಂದ ಗೊತ್ತಾಯಿತು.

ಕಾಲೇಜು ತೆರೆದ ಮೊದಲ ವಾರ, ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುವಂತೆ ಕುಳಿತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು. ನಾನು ಎದ್ದು ಹೋಗಿ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಹಳದಿ ಗೆರೆ, ಆಸಿಡ್ಡು, ಇನ್ನೊಂದು ಬಿಲ್ಲೆ, ಉಕ್ಕಿನ ಕೊಂಡಿ. ಬಂಗಾರ ನಿಜವಾದದ್ದು, ನಿಮ್ಮ ಮೇಲಿನ ಸಿಟ್ಟಿಗೆ ಹಾಗೆ ಹೇಳಿದೆ ಎಂದೆ. ಅಳುವೂ ಬಂತು. ಬಯ್ಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

ಅವರು ಗೆರೆಯನ್ನು ಕೊನೆಯ ತನಕ ಎಳೆದು, ಸ್ಕೇಲು ಪಕ್ಕಕ್ಕಿಟ್ಟರು.

"ನನಗ ಗೊತ್ತಿತ್ತು" ಅಂದರು.

ನನಗೆ ಅರ್ಥವಾಗಲಿಲ್ಲ.

"ಮರುದಿನ ಶನಿವಾರನೇ ಬಜಾರದಾಗ ಅಕ್ಕಸಾಲಿಗೆ ತೋರಿಸಿದೆ. ತಗಡು ಬೆಸದಾರ, ನಿಮ್ಮ ಮೊಮ್ಮಗ ಕಟ್ಟಿಕೊಂಡರೂ ಹೋಗೂದಿಲ್ಲ ಅಂದ."

"ಮತ್ತ ಯಾಕ ಸರ್... ಫೋನು ಮಾಡಬೇಕಿತ್ತಲ್ರಿ ತಮ್ಮಗ?"

"ಎಲ್ಲಾರ ಮುಂದ ಬೈದಿದ್ದೆ. ತಮ್ಮಾ ನಂದೇ ತಪ್ಪು ಅನ್ನಾಕ ಬಾಯಿ ಬರಲಿಲ್ಲ." ಮಾಸ್ಕು ಕೆಳಗೆಳೆದು ಉಸಿರು ಬಿಟ್ಟರು. "ನೀವು ಬಂದು ಹೇಳ್ತೀರಿ ಅಂತ ಕಾದೆ. ನೀವು ಹೇಳಿದ್ರ, ಆ ಕೆಮಿಸ್ಟ್ರಿ ಮೇಡಂ ಸುಳ್ಳು ಹೇಳ್ಯಾಳಂತೋ ಅಂತ ನಿಮ್ಮ ಮ್ಯಾಲ ಹಾಕಿ ಅವನಿಗೆ ಫೋನು ಮಾಡ್ತಿದ್ದೆ. ಎಷ್ಟು ಸಲ ಕೈ ತಂದು ನಿಮ್ಮ ಮುಂದ ಇಟ್ಟೆ? ಇವತ್ತು ಹೇಳ್ತಾರ, ಇವತ್ತು ಹೇಳ್ತಾರ ಅಂತ. ಮೂರು ವರ್ಷ. ನೀವು ಅವ ಸಾಯೋ ತನಕ ಬಾಯಿ ಬಿಡಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಪತ್ರಿಕೆಯಲ್ಲಿ ತಪ್ಪು ಎಲ್ಲಿ ಆಯಿತು ಎಂದು ತೋರಿಸುವಂತೆ ಹೇಳಿದರು. ನಾನು ಅಳುವುದನ್ನು ನಿಲ್ಲಿಸಿದೆ. ಅಳುವ ಹಕ್ಕು ಇಬ್ಬರಿಗೂ ಇರಲಿಲ್ಲ.

"ಭಾನುವಾರ ನನ್ನ ಜೋಡಿ ಮಾಧವರಂಗ ಬರ್ರಿ" ಅಂದರು. "ತಮ್ಮನ ಹೆಂಡ್ತಿ ಮುಂದ ಹೇಳ್ರಿ. ನಾನು ಹೇಳಿದರ ನಂಬೂದಿಲ್ಲ."

ಎಮ್ಮಿಗನೂರಿನ ಮೇಲಿಂದ ಹೋಗುವ ಬಸ್ಸು. ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಮಾಧವರಂನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಗಿರಣಿ, ಅದರ ಎದುರಿಗೆ ನೀಲಿ ಬಾಗಿಲಿನ ಮನೆ. ಗಿರಣಿಯ ಕಟ್ಟೆಯ ಹತ್ತಿರ ಸರ್ ನಿಂತುಬಿಟ್ಟರು. ವಾಚನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟರು.

"ಇದನ್ನ ಆಕಿಗೆ ಕೊಡ್ರಿ. ಆಮ್ಯಾಲ ನಾನು ಬರಲೇನು ಅಂತ ಕೇಳ್ರಿ."

ಬಾಗಿಲು ತೆರೆದೇ ಇತ್ತು. ಒಳಗೆ ಕಿಟಕಿಯ ಪಕ್ಕ ಹೊಲಿಗೆ ಮಷೀನಿನ ಮುಂದೆ ತಮ್ಮನ ಹೆಂಡತಿ ಕುಳಿತು ರವಿಕೆ ಹೊಲಿಯುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ನಾನು ಯಾರು ಎಂದು ಹೇಳಿಕೊಂಡೆ. ಕೂರಲು ಸ್ಟೂಲು ತೋರಿಸಿದಳು, ಕಾಲು ಮಾತ್ರ ನಿಲ್ಲಿಸಲಿಲ್ಲ. ನಾನು ಎರಡನೆಯ ಸಲ ಅದೇ ಕಥೆಯನ್ನು ಹೇಳಿದೆ. ಈ ಸಲ ಕಣ್ಣಲ್ಲಿ ನೀರು ಬರಲಿಲ್ಲ. ನಾನು ಮಾತು ಮುಗಿಸುವುದಕ್ಕೂ ಒಂದು ತೋಳಿನ ಹೊಲಿಗೆ ಮುಗಿಯುವುದಕ್ಕೂ ಸರಿಹೋಯಿತು. ಅವಳು ದಾರ ಕಡಿದಳು.

"ಅದು ಅವರು ತಗೊಂಡದ್ದಲ್ಲರಿ" ಅಂದಳು. "ಇಪ್ಪತ್ತು ವರ್ಷ ದುಡಿದದ್ದಕ್ಕ ಕಂಪನಿಯವರು ಸ್ಟೇಜಿನ ಮ್ಯಾಲ ಕರೆದು ಕೊಟ್ಟದ್ದು. ಒಂದಿನ ಕೈಗೆ ಕಟ್ಟಲಿಲ್ಲ. ಇದು ಅಣ್ಣಂದು ಅಂತ ಹಂಗ ಕಳಿಸಿದ್ರು. ಬಿಲ್ಲು ಎಲ್ಲಿಂದ ತರಬೇಕು?"

"ಅದನ್ನೇ ಹೇಳಬಹುದಿತ್ತಲ್ಲಮ್ಮ ಅವರು?"

"ಹೇಳಿದರ ಮಂದಿ ಪುಕ್ಕಟೆ ಕೊಟ್ಟದ್ದನ್ನ ಕಳಿಸೀಯೇನು ಅಂತ ಮತ್ತ ಬೈತಿದ್ದನಲ್ಲ ಅಣ್ಣ." ಅವಳು ಬಟ್ಟೆಯನ್ನು ತಿರುವಿ ಇನ್ನೊಂದು ತೋಳನ್ನು ಹೊಂದಿಸಿಕೊಂಡಳು. "ನನ್ನ ಗಂಡ ಸಿಟ್ಟಾಗಲಿಲ್ಲರಿ. ಮಂದಿ ಮುಂದ ಬೈದಾನ, ಈಗ ಫೋನು ಮಾಡಾಕ ಅಣ್ಣಗ ನಾಚಿಕಿ, ನಾನು ಮಾಡಿದರ ಇನ್ನೂ ನಾಚಿಕಿ ಆಗತೈತಿ, ತಾನೇ ಮಾಡಲಿ ಅಂತಿದ್ರು. ಶುಕ್ರವಾರ ಉಂಡು ಫೋನು ತೊಡಿಮ್ಯಾಲ ಇಟಗೊಂಡು ಕುಂದರ್ತಿದ್ರಂತ. ಆ ಹೊತ್ತಿಗೆ ನಾನು ಮಾಡಿದರ ಸೈತ ಲಗೂನ ಇಡು, ಅಣ್ಣ ಮಾಡ್ತಾನ ಅಂತಿದ್ರು."

ನಾನು ಕರವಸ್ತ್ರದ ಗಂಟನ್ನು ಮಷೀನಿನ ಹಲಗೆಯ ಮೇಲಿಟ್ಟೆ. ಅವಳು ಬಿಚ್ಚಲಿಲ್ಲ. ಒಂದು ಬೆರಳಿನಿಂದ ಅದನ್ನು ನನ್ನ ಕಡೆಗೆ ಮೆಲ್ಲಗೆ ದೂಡಿದಳು.

"ಅಣ್ಣನ ಕೈಯಾಗೇ ಇರಲಿ. ಭಾಳ ವರ್ಷ ಬಾಳ್ತೈತಿ ಅಂದ್ರಲ್ಲ, ಕಟ್ಟಿಕೊಳ್ಳಲಿ."

ಗಂಟನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಕೇಳಿದೆ: "ನಿಮ್ಮ ಭಾವ ಹೊರಗ ನಿಂತಾರಮ್ಮ. ಒಳಗ ಬರಲೇನು ಅಂತ ಕೇಳಾಕ ಹೇಳ್ಯಾರ."

"ಕಂಡೀನಿ. ಕಿಟಕಿ ಐತಲ್ಲ."

"ಏನು ಹೇಳಲಿ?"

"ಮನ್ಯಾಗ ಯಾರೂ ಇಲ್ಲ ಅಂತ ಹೇಳ್ರಿ" ಅಂದಳು. ಹೇಳಿ, ಸೂಜಿಯ ಕೆಳಗೆ ಬಟ್ಟೆ ಸರಿಸಿ, ಮಷೀನು ತುಳಿಯತೊಡಗಿದಳು.

ನಾನು ಎದ್ದು ಹೊರಗೆ ಬಂದೆ. ಭಾನುವಾರವಾದ್ದರಿಂದ ಗಿರಣಿ ಮುಚ್ಚಿತ್ತು. ಬೀದಿಯಲ್ಲಿ ಬೇರೆ ಸದ್ದೇ ಇರಲಿಲ್ಲ. ಮಷೀನಿನ ಕಟಕಟ ನನ್ನ ಬೆನ್ನಿಗೇ ಬರುತ್ತಿತ್ತು, ಕಟ್ಟೆಯ ತನಕ ಚೆನ್ನಾಗಿ ಕೇಳಿಸುತ್ತಿತ್ತು. ಸರ್ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಕರವಸ್ತ್ರ ನೋಡಿದರು. ಅವಳು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳಿದೆ.

"ಮನ್ಯಾಗ ಯಾರೂ ಇಲ್ಲಂತ್ರಿ ಸರ್."

ಅವರು ತಲೆಯಾಡಿಸಿದರು. ಒಳಗೆ ಹೊಲಿಗೆ ಒಂದು ಸಾಲು ಮುಗಿದು ನಿಂತಿತು. ಅವರು ಕತ್ತೆತ್ತಿ ಬಾಗಿಲ ಕಡೆ ನೋಡಿದರು. ಮಷೀನು ಮತ್ತೆ ಶುರುವಾಯಿತು.

"ಹಂಗಾದ್ರ ಸ್ವಲ್ಪ ಕಾಯಾನು ಮೇಡಂ" ಎಂದು ಕಟ್ಟೆಯ ಮೇಲೆ ಟವೆಲ್ಲು ಹಾಸಿ ಕುಳಿತರು. "ಎಲ್ಲೆರ ಹೋಗಿದ್ದರ ಬರ್ತಾಳ."